ಅಕ್ಕನ ಮನೆಯೊಳಗೊಂದು ರನ್ನಿಂಗ್ ಟ್ರ್ಯಾಕು

ನಮ್ಮ ಬಾವ ಸರ್ವೀಸು ಪೂರ್ತಿ ಸರ್ಕಾರಿ ಬಸ್ಸು ಓಡಿಸಿದವರು. ಶಿರಾಡಿ ಘಾಟಿಯ ತಿರುವುಗಳಲ್ಲಿ ಎದುರಿಗೆ ಟ್ಯಾಂಕರು, ಪಕ್ಕಕ್ಕೆ ಪ್ರಪಾತ, ಹಿಂದಿನ ಸೀಟಿನಲ್ಲಿ ವಾಂತಿ ಮಾಡುವ ಪ್ರಯಾಣಿಕರು, ಇಷ್ಟನ್ನೆಲ್ಲ ಕಟ್ಟಿಕೊಂಡು ಬಸ್ಸಿಗೆ ಒಂದು ಗೀರೂ ಬೀಳದ ಹಾಗೆ ರಿಟೈರ್ ಆದರು. ಅಂಥ ಮನುಷ್ಯ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡದ್ದು ಚನ್ನರಾಯಪಟ್ಟಣದ ಸ್ವಂತ ಮನೆಯ ನಡುಮನೆಯಲ್ಲಿ, ಟೀವಿ ಸ್ವಿಚ್ಚು ಹಾಕಲು ಹೋಗಿ, ಖಾಲಿ ಎಣ್ಣೆ ಡಬ್ಬಗಳ ಮೇಲೆ.

ಡಬ್ಬ ನನ್ನ ಅಕ್ಕನದು. ನಡುಮನೆಯಲ್ಲಿದ್ದ ಮಿಕ್ಕಿದ್ದೂ ಅಕ್ಕನದೇ. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟು, ಕವರಿನೊಳಗೆ ಕವರು, ಅದರೊಳಗೆ ಇನ್ನೊಂದು ಕವರು, ಕಡ್ಡಿ ಮುರಿದ ಛತ್ರಿ, ಹಿಡಿ ಹೋದ ಕುಕ್ಕರು, ತೆಂಗಿನ ಚಿಪ್ಪು, ಹಳೇ ಹಾಸಿಗೆಯಿಂದ ಕಿತ್ತ ಹತ್ತಿ, ಬೀದಿಯಲ್ಲಿ ಯಾರೋ ಓದಿ ಬಿಟ್ಟ ಪೇಪರು. ಮದುವೆ ಕಾರ್ಡುಗಳು ಒಂದು ಗೋಡೆಯಷ್ಟು. ಅದರ ಮೇಲೆ ಗಣಪತಿ ಇದ್ದಾನಲ್ಲ, ಬಿಸಾಕೋದು ಹೇಗೆ? ಮದುವೆಯಾದ ಜೋಡಿಗಳಲ್ಲಿ ಕೆಲವರು ಡೈವೋರ್ಸೂ ತಗೊಂಡು ಆರಾಮವಾಗಿದ್ದಾರೆ, ಅವರ ಗಣಪತಿ ಮಾತ್ರ ಅಕ್ಕನ ಮನೆಯಲ್ಲಿ ಧೂಳು ಕುಡಿಯುತ್ತಾ ಕೂತಿದ್ದಾನೆ. ಹಳೇ ಕ್ಯಾಲೆಂಡರಿನ ದೇವರುಗಳದ್ದು ಬೇರೆಯೇ ಕಥೆ. ಮುಕ್ಕೋಟಿ ದೇವತೆಗಳು ಎಲ್ಲಿದ್ದಾರೆ ಅಂತ ಯಾರಾದರೂ ಕೇಳಿದರೆ ನಾನು ಅಡ್ರೆಸ್ ಕೊಡಬಲ್ಲೆ.

ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲಿನ ಪಿ.ಟಿ. ಮೇಡಂ ಆಗಿದ್ದವಳು. ರಿಟೈರ್ ಆದ ಮೇಲೆ ವಿಶಲ್ಲು ಹೋಯಿತು, ಬಾಯಿ ಉಳಿಯಿತು. ಮನೆಯಲ್ಲಿ ಒಂದು ಮಂಚ, ಎರಡು ಕುರ್ಚಿ, ನಾಲ್ಕು ಪಾತ್ರೆ. ಒಂದು ಬಂದರೆ ಒಂದು ಆಚೆ ಹೋಗಬೇಕು, ಅದು ನನ್ನ ಕಾನೂನು. ಅಕ್ಕನ ಮನೆಗೆ ಹೋದಾಗೆಲ್ಲ ನಾನು ಕೂರಲು ಜಾಗ ಹುಡುಕುವುದು, ಅವಳು "ಆ ಪೇಪರ್ ಮ್ಯಾಲೆ ಕೂತ್ಕಳೆ, ಏನಾಗಲ್ಲ" ಎನ್ನುವುದು, ನಾನು ಬೈಯುವುದು, ಅವಳು "ಇರ್ಲಿ ಬುಡೇ, ಯಾವತ್ತಾರ ಬೇಕಾಯ್ತದೆ" ಎನ್ನುವುದು, ಇದು ಎಷ್ಟೋ ವರ್ಷದ ಪೂಜಾವಿಧಿ. ಬಾವ ನಡುವೆ ಬಾಯಿ ಹಾಕುತ್ತಿರಲಿಲ್ಲ. ಸಾಮಾನಿನ ನಡುವೆ ಉಳಿದಿದ್ದ ಸಂದಿಯಲ್ಲಿ ಅಡ್ಡಡ್ಡ ನಡೆಯುತ್ತಾ, "ಈ ರೋಡು ಒನ್ ವೇ ಕಣವ್ವ" ಎಂದು ನಗುತ್ತಿದ್ದರು.

ಬಿದ್ದ ದಿನ ಆಂಬುಲೆನ್ಸ್ ಬಂತು, ಸ್ಟ್ರೆಚರು ಒಳಗೆ ಬರಲಿಲ್ಲ. ಬಾಗಿಲೇ ಅರ್ಧ ತೆರೆದುಕೊಳ್ಳುತ್ತಿತ್ತು, ಹಿಂದೆ ಮೂಟೆ. ಬಾವನನ್ನು ಜಮಖಾನದಲ್ಲಿ ಸುತ್ತಿ, ಇಬ್ಬರು ಹುಡುಗರು ಪೇಪರು, ಖಾಲಿ ಬಾಟಲಿಗಳ ರಾಶಿಯ ಮೇಲೆ ಹತ್ತಿ ಇಳಿದು ಆಚೆ ತಂದರಂತೆ. ಹಿಂದಿನಿಂದ ಅಕ್ಕ "ಮೆಲ್ಲುಕೆ, ಮೆಲ್ಲುಕೆ" ಎಂದು ಕೂಗುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಬಾವನೇ, ಹಾಸನದ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು.

"ನಂಗ್ ಏಳ್ತಾವ್ಳೆ ಅನ್ಕಂಡೆ ಕಣವ್ವ. ನೋಡುದ್ರೆ ಬಾಟ್ಲಿಗೆ ಏಳ್ತಿದ್ಲು."

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದಲ್ಲಿ ಅಕ್ಕ ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು, ಅತ್ತು ಅತ್ತು ಮುಖ ಊದಿಹೋಗಿತ್ತು. ಬಾಟಲಿಗೂ ಅತ್ತಿದ್ದಳೋ ಏನೋ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು. ನಡೆಯುವುದನ್ನು ಕಲಿಸಲು ಬಂದ ಫಿಸಿಯೋ ಹುಡುಗಿ, "ಇನ್ನೊಂದು ಸಲ ಬಿದ್ರೆ ಅಂಕಲ್ ಮತ್ತೆ ಏಳೋದು ಕಷ್ಟ. ಮನೇಲಿ ವಾಕರ್ ಓಡಾಡೋಕೆ ಜಾಗ ಇದೆ ಅಲ್ವಾ? ಒಂದು ಫೋಟೋ ಕಳ್ಸಿ" ಎಂದಳು. ಕಳಿಸಿದೆ. ಹುಡುಗಿ ಫೋನ್ ಮಾಡಿದಳು.

"ಮೇಡಂ, ಇದು ಗೋಡೌನ್ ಕಳ್ಸಿದ್ದೀರ. ಮನೆದು ಕಳ್ಸಿ."

ಅಷ್ಟರಲ್ಲಿ ಬಾವನ ತಮ್ಮನಿಗೆ ಉಪಕಾರ ಬುದ್ಧಿ ಬಂದುಬಿಟ್ಟಿತು. ಆಸಾಮಿ ಊರಿನಿಂದ ಟ್ರ್ಯಾಕ್ಟರ್ ತಂದ. ಅತ್ತಿಗೆ ಹಾಸನದಲ್ಲಿದ್ದಾಳೆ, ಇದೇ ಸಮಯ, ಬರುವಷ್ಟರಲ್ಲಿ ಮನೆ ಫಳಫಳ ಅನ್ನಬೇಕು ಎಂದು ಆಳು ಹಚ್ಚಿ ಟ್ರೇಲರಿಗೆ ತುಂಬಿಸತೊಡಗಿದ. ಪಕ್ಕದ ಮನೆಯವಳು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಗಂಡನ ಊಟದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಎದ್ದವಳು ಸಿಕ್ಕ ಬಸ್ಸು ಹತ್ತಿ ಹೋಗಿ, ಮನೆ ಮುಂದೆ ನಿಂತಿದ್ದ ಟ್ರೇಲರ್ ಹತ್ತಿ ಕೂತುಬಿಟ್ಟಳು. ರಾಶಿಯ ಮೇಲೆ. ಮಂಡಿನೋವಿನ ಹೆಂಗಸು ಅದನ್ನು ಹೇಗೆ ಹತ್ತಿದಳು ಎಂದು ಬೀದಿಯವರಿಗೆ ಇವತ್ತಿಗೂ ಆಶ್ಚರ್ಯ. ಮೈದುನ ಕೈ ಮುಗಿದ, ಗದರಿದ, ಕೊನೆಗೆ ಟ್ರ್ಯಾಕ್ಟರ್ ಆಫ್ ಮಾಡಿ ಬೀಡಿ ಹಚ್ಚಿದ. ಹೋಗಿದ್ದೆಲ್ಲ ಒಂದೊಂದಾಗಿ ಒಳಗೆ ಬಂತು. ಆಳುಗಳು ತಂದಿದ್ದ ಬುಟ್ಟಿಯೂ ಒಂದು ಒಳಗೆ ಹೋಯಿತು, ಅದು ಮತ್ತೆ ಆಚೆ ಬರಲಿಲ್ಲ.

ಆಮೇಲೆ ಅಕ್ಕ ಆ ಮನೆಯ ಹೊಸ್ತಿಲು ಬಿಡಲಿಲ್ಲ. ಆಸ್ಪತ್ರೆಗೆ ಬಾರೆ ಎಂದರೆ, "ನಾನ್ ಆಚೆ ಓದ್ರೆ ನೀವು ಒಳಿಕ್ ಬತ್ತೀರ" ಎಂದಳು. ಡಿಸ್ಚಾರ್ಜ್ ಆದ ಬಾವನನ್ನು ಬೇರೆ ದಾರಿಯಿಲ್ಲದೆ ಹೊಳೆನರಸೀಪುರಕ್ಕೆ ನನ್ನ ಮನೆಗೆ ಕರೆದುಕೊಂಡು ಬಂದೆ. ಮೈದುನನ ಉಪಕಾರಕ್ಕೆ ಅವನನ್ನು ಅದೇ ಟ್ರೇಲರಿಗೆ ಕಟ್ಟಿ ಎಳೆಯಬೇಕು ಅನ್ನಿಸಿತ್ತು ನನಗೆ.

ನನ್ನ ಮನೆಯಲ್ಲಿ ವಾಕರು ಸರಾಗವಾಗಿ ಓಡುತ್ತಿತ್ತು. ಬಾವ ಓಡುತ್ತಿರಲಿಲ್ಲ. ಕಿಟಕಿ ಪಕ್ಕ ಕೂತು ಹೇಮಾವತಿ ಸೇತುವೆ ಕಡೆ ಹೋಗುವ ಬಸ್ಸುಗಳ ಸದ್ದು ಕೇಳುತ್ತಾ, ಇದರ ಗೇರ್ ಬಾಕ್ಸ್ ಹೋಗಿದೆ, ಇದರ ಕ್ಲಚ್ ಹೋಗಿದೆ ಎಂದು ಹೇಳುತ್ತಿದ್ದರು. ದಿನಕ್ಕೆರಡು ಸಲ ಅಕ್ಕನಿಗೆ ಫೋನು. "ತಿಂದ್ಯಾ?" "ತಿಂದೆ, ನೀವು?" "ತಿಂದೆ." ಅಲ್ಲಿಗೆ ಮುಗಿಯಿತು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ನಿನ್ ಮನೆ ಚೆನ್ನಾಗದೆ ಕಣವ್ವ. ಆದ್ರೆ ನನ್ನ ಮನೆಗ್ ಕಳ್ಸು. ಅವ್ಳು ಒಬ್ಳೇ ಅವ್ಳೆ" ಎನ್ನುತ್ತಿದ್ದರು. ಒಂದು ದಿನ ಹಾಗೆ ಹೇಳುತ್ತಾ, ಘಾಟಿ ರಸ್ತೆಯಲ್ಲಿ ಅಳದ ಮನುಷ್ಯ ನನ್ನ ಫೈಬರ್ ಕುರ್ಚಿಯಲ್ಲಿ ಕೂತು ಅತ್ತರು.

ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ, ಮದುವೆ ಆದ ಹೊರತು ಹುಚ್ಚು ಬಿಡಲ್ಲ ಅಂತಾರಲ್ಲ, ನಮ್ಮ ಸ್ಥಿತಿ ಅದೇ. ಮನೆ ಖಾಲಿ ಆಗದೆ ಬಾವ ಹೋಗುವ ಹಾಗಿಲ್ಲ, ಹೋದರೆ ಮತ್ತೆ ಬೀಳುವುದು ಗ್ಯಾರಂಟಿ. ಅಕ್ಕ ಮನೆ ಬಿಟ್ಟು ಬರುವ ಹಾಗಿಲ್ಲ, ಇರುವಷ್ಟು ದಿನ ಒಂದು ಕಡ್ಡಿ ಆಚೆ ಹೋಗುವ ಹಾಗಿಲ್ಲ.

ಕೊನೆಗೆ ನಾನೇ ಹಾಸನಕ್ಕೆ ಹೋಗಿ ಮನಸ್ಸಿನ ಡಾಕ್ಟರನ್ನು ಕಂಡೆ. ಅಕ್ಕನನ್ನು ಕರೆದರೆ "ತಲೆ ಕೆಟ್ಟಿರಾದು ನಿಂಗೆ, ನೀನೇ ಓಗು" ಎಂದಿದ್ದಳು, ಹಾಗೇ ಮಾಡಿದೆ. ವೇಟಿಂಗಿನಲ್ಲಿ ನನ್ನ ಹಳೇ ಸ್ಟೂಡೆಂಟ್ ಒಬ್ಬಳು ಸಿಕ್ಕಿ, "ಅಯ್ಯೋ ಮೇಡಂ, ನಿಮಗೂನಾ?" ಎಂದಳು. ಹೂಂ ಕಣಮ್ಮ, ನಿಮ್ಮ ಬ್ಯಾಚಿಗೆ ಕಬಡ್ಡಿ ಕಲಿಸಿದ ಮೇಲೆ ಶುರುವಾಯ್ತು ಎಂದೆ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸಮಾಧಾನದ ಮನುಷ್ಯ. ನಾನು ನಮ್ಮಕ್ಕ ಸೋಮಾರಿ, ಜಿಪುಣಿ, ಮೊಂಡಿ ಎಂದು ಒಂದೇ ಉಸಿರಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸೋಮಾರಿ ಆಗಿದ್ರೆ ಅಷ್ಟು ಡಬ್ಬ ತೊಳೆದು ಒಣಗಿಸ್ತಿದ್ರಾ?" ಎಂದು ಕೇಳಿದರು. ಕೂಡಿಡುವುದೇ ಒಂದು ಕಾಯಿಲೆ, ಬಿಪಿ ಶುಗರಿನ ಹಾಗೆ, ಹಠ ಅಲ್ಲ ಎಂದರು. ನಮಗೆ ಅದು ಡಬ್ಬ. ಅವರಿಗೆ ಅದನ್ನು ಬಿಸಾಕು ಅಂದರೆ ಎದೆ ಹೊಡೆದುಕೊಳ್ಳುತ್ತೆ, ನಿಜವಾಗಿ ನೋಯುತ್ತೆ. ಕಣ್ಣು ತಪ್ಪಿಸಿ ಖಾಲಿ ಮಾಡಿದರೆ ಎರಡರಷ್ಟು ಕೂಡಿಡುತ್ತಾರೆ, ಜೊತೆಗೆ ನಿಮ್ಮನ್ನು ನಂಬುವುದನ್ನು ಬಿಡುತ್ತಾರೆ. ಟ್ರ್ಯಾಕ್ಟರ್ ಕಥೆ ಹೇಳಿದೆ. ಹಣೆ ಒತ್ತಿಕೊಂಡರು.

"ಒಲೆ ಎಲ್ಲಿದೆ?" ಎಂದು ಕೇಳಿದರು.

"ಅಡುಗೆಮನೇಲಿ. ಪಕ್ಕದಲ್ಲಿ ಪೇಪರು, ಮೇಲೆ ಹಾಲಿನ ಪ್ಯಾಕೆಟ್ಟಿನ ಹಾರ."

"ಹಿಂದಿನ ಬಾಗಿಲು?"

"ಇದೆ ಅಂತ ನೆನಪು."

ಡಾಕ್ಟರು ನಗಲಿಲ್ಲ. ಮನೆ ಚೆನ್ನಾಗಿ ಕಾಣಬೇಕು ಅನ್ನುವುದನ್ನು ಮರೆತುಬಿಡಿ ಎಂದರು. ಬೆಂಕಿ ಹತ್ತಬಾರದು, ಹತ್ತಿದರೆ ಆಚೆ ಓಡಲು ದಾರಿ ಇರಬೇಕು, ಯಜಮಾನರು ಬೀಳಬಾರದು, ಮೊದಲು ಇಷ್ಟು. ಒಂದೊಂದು ವಸ್ತುವನ್ನೂ ಅವರೇ ಮುಟ್ಟಿ, ಅವರೇ ತೀರ್ಮಾನ ಮಾಡಬೇಕು. ಬಂದರೆ ಅವರನ್ನೂ ಕರೆದುಕೊಂಡು ಬನ್ನಿ, ಮಾತಾಡೋಣ. ನಾನು ಫೀಸು ಕೊಟ್ಟು ಎದ್ದು ಬಂದೆ. ಸೋಮಾರಿ ಅನ್ನುವ ಒಂದು ಬೈಗುಳ ನನ್ನ ಕೈಬಿಟ್ಟು ಹೋಗಿತ್ತು. ಜಿಪುಣಿ, ಮೊಂಡಿ ಇನ್ನೂ ಇದ್ದವು.

ಯಾಕೆ ಹೀಗಾದಳು ಎಂದು ಊರವರು ಆಗಲೇ ತೀರ್ಪು ಕೊಟ್ಟಾಗಿದೆ. ಮಕ್ಕಳಿಲ್ಲ, ಅದಕ್ಕೇ ಸಾಮಾನು. ಊರವರಿಗೇನು, ನಾಲಿಗೆಗೆ ಟೋಲ್ ಇಲ್ಲ. ನನಗೂ ಮಕ್ಕಳಿಲ್ಲ, ಮದುವೆಯೇ ಇಲ್ಲ, ನನ್ನ ಮನೆಯಲ್ಲಿ ಕೂಗಿದರೆ ಪ್ರತಿಧ್ವನಿ ಬರುತ್ತೆ. ಬಡತನ ಎನ್ನೋಣವೆಂದರೆ, ರಾಮನಾಥಪುರದ ಹತ್ತಿರ ಹೊಗೆಸೊಪ್ಪು ಪೋಣಿಸುವ ಕೂಲಿಗೆ ಅವ್ವನ ಜೊತೆ ಇಬ್ಬರೂ ಹೋದವರೇ. ಪಕ್ಕದ ಮನೆಗೆ ಅರ್ಧ ಸೇರು ರಾಗಿ ಹಿಟ್ಟು ಕೇಳಲು ಅವ್ವ ಅಕ್ಕನನ್ನು ಕಳಿಸುತ್ತಿದ್ದಳು ನಿಜ, ನಾನು ಚಿಕ್ಕವಳು, ನನ್ನನ್ನು ಕಳಿಸುತ್ತಿರಲಿಲ್ಲ. ಖಾಲಿ ಪಾತ್ರೆ ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದಳು. ಅದು ಕಾರಣವೋ ಅಲ್ಲವೋ ದೇವರಿಗೇ ಗೊತ್ತು. ಹಿಟ್ಟು ಕೇಳಲು ಹೋದವರೆಲ್ಲ ಎಣ್ಣೆ ಡಬ್ಬ ಕೂಡಿಡುವುದಿಲ್ಲ.

ಡಾಕ್ಟರು "ಅವರೇ ತೀರ್ಮಾನ ಮಾಡಲಿ" ಎಂದಿದ್ದೇ ತಡ, ನನಗೆ ಭಾರೀ ಐಡಿಯಾ ಹೊಳೆಯಿತು. ಅಕ್ಕ ಬಿಸಾಕುವುದಿಲ್ಲ, ಸರಿ. ಆದರೆ ಕೊಡುತ್ತಾಳೆ! ಕೊಡುವುದರಲ್ಲಿ ಅವಳ ಕೈ ದೊಡ್ಡದು, ಮನೆಗೆ ಬಂದ ಹೆಂಗಸನ್ನು ಅರಿಶಿನ ಕುಂಕುಮ ಕೊಡದೆ ಕಳಿಸಿದವಳಲ್ಲ. ಶ್ರಾವಣ ಬೇರೆ ಬಂದಿತ್ತು. ಒಂದು ಶುಕ್ರವಾರ ಪೂಜೆ ಇಟ್ಟು ಬೀದಿಯ ಹೆಂಗಸರನ್ನೆಲ್ಲ ಕರೆಯೋಣ, ಎಲೆ ಅಡಿಕೆ ಬಾಳೆಹಣ್ಣಿನ ಜೊತೆ ತಲೆಗೊಂದು ಡಬ್ಬ ಕೊಡೋಣ ಎಂದೆ. ಅಕ್ಕ ಯೋಚಿಸಿದಳು.

"ಬರೀ ಡಬ್ಬ ಕೊಟ್ರೆ ಏನಂದಾರು? ಒಳಗೊಂದು ರವಿಕೆ ಕಣ ಇಡಾನ ಬುಡು."

ನಾನು ಮನಸ್ಸಿನಲ್ಲೇ ಕುಣಿದೆ. ರವಿಕೆ ಕಣದ ರಾಶಿ ಬೀರು ಒಡೆದು ಆಚೆ ಬಂದಿತ್ತು. ನಮ್ಮ ಕಡೆ ರವಿಕೆ ಕಣ ಅನ್ನುವುದು ಹೊಲಿಸಲು ಇರುವ ಬಟ್ಟೆಯಲ್ಲ. ಅದು ಇವಳ ಮನೆಯಿಂದ ಅವಳ ಮನೆಗೆ, ಅವಳ ಮನೆಯಿಂದ ಇನ್ನೊಬ್ಬಳ ಮನೆಗೆ ತಿರುಗುತ್ತಲೇ ಇರುವ ಸಿಟಿ ಬಸ್ಸು. ಅಕ್ಕನ ಮನೆ ಅದರ ಡಿಪೋ.

ಆ ಶುಕ್ರವಾರ ಅಕ್ಕನ ಮುಖ ನೋಡಬೇಕಿತ್ತು. ಒಗೆದ ಸೀರೆ, ವಿಭೂತಿ, ಹೂವು. ಬಂದವರು ಒಳಗೆ ಬರಲಾಗದೆ ಜಗುಲಿಯ ಮೇಲೆ ಸಾಲಾಗಿ ನಿಂತರು, ಅಕ್ಕ ಒಬ್ಬೊಬ್ಬರಿಗೂ ಕುಂಕುಮ ಇಟ್ಟು, ಒರೆಸಿ ಹೊಳೆಯಿಸಿದ ಡಬ್ಬವನ್ನು ಎರಡೂ ಕೈಯಲ್ಲಿ ಕೊಟ್ಟಳು. ಸಂಜೆ ಹೊತ್ತಿಗೆ ನಡುಮನೆಯ ಒಂದು ಮೂಲೆಯಲ್ಲಿ ನೆಲ ಕಾಣಿಸಿತು. ಕೆಂಪು ನೆಲ ಅದು, ನನಗೆ ಮರೆತೇ ಹೋಗಿತ್ತು. ಹೊಳೆನರಸೀಪುರಕ್ಕೆ ಬಂದು ಬಾವನಿಗೆ ರಾಜ್ಯ ಗೆದ್ದವಳ ಹಾಗೆ ಹೇಳಿದೆ. ಅವರು ಅವತ್ತು ಎರಡು ಮುದ್ದೆ ಉಂಡರು.

ಮುಂದಿನ ವಾರ ಹೋದಾಗ ಆ ಮೂಲೆಯಲ್ಲಿ ನೆಲ ಇರಲಿಲ್ಲ.

ಡಬ್ಬಗಳೆಲ್ಲ ವಾಪಸ್ ಬಂದಿದ್ದವು. ಬಂದಿದ್ದೂ ಹೇಗೆ, ತುಂಬಿಕೊಂಡು! ಒಂದರಲ್ಲಿ ಕೋಡುಬಳೆ, ಒಂದರಲ್ಲಿ ಚಟ್ನಿಪುಡಿ, ಒಂದರಲ್ಲಿ ಕೊಬ್ಬರಿ ಮಿಠಾಯಿ, ಇನ್ನೊಂದರಲ್ಲಿ ಸಂಡಿಗೆ. ಆಗ ನನ್ನ ಮಂದ ತಲೆಗೆ ಹೊಳೆಯಿತು. ನಮ್ಮ ಕಡೆ ಯಾವ ಹೆಂಗಸು ಡಬ್ಬವನ್ನು ಇಟ್ಟುಕೊಳ್ಳುತ್ತಾಳೆ? ಒಳಗಿನ ರವಿಕೆ ಕಣ ಅವಳದು, ಡಬ್ಬ ಕೊಟ್ಟವಳದು. ಡಬ್ಬ ವಾಪಸ್ ಕೊಡದವಳು ಅನ್ನಿಸಿಕೊಳ್ಳುವುದಕ್ಕಿಂತ ಬಾವಿಗೆ ಬೀಳುವುದು ಲೇಸು. ಖಾಲಿ ಡಬ್ಬ ವಾಪಸ್ ಕೊಡುವುದಂತೂ ಅದಕ್ಕಿಂತ ಕೆಟ್ಟದ್ದು, ಏನಾದರೂ ಹಾಕಿಯೇ ಕೊಡಬೇಕು. ಇಬ್ಬರು ಮೂವರು ತಂತಮ್ಮ ಮನೆಯಲ್ಲಿ ಮೂಲೆ ಸೇರಿದ್ದ ಡಬ್ಬಗಳನ್ನೂ ಸೇರಿಸಿ ತಂದು ಕೊಟ್ಟಿದ್ದರು, ಅಕ್ಕ ಬೇಡ ಅನ್ನುವುದಿಲ್ಲ ಅನ್ನುವುದು ಬೀದಿಗೇ ಗೊತ್ತಲ್ಲ. ಹುಟ್ಟಿದಾಗಿನಿಂದ ಈ ಪದ್ಧತಿ ನೋಡಿಕೊಂಡು ಬಂದವಳು ನಾನು, ಆ ಕ್ಷಣದಲ್ಲಿ ಮಣ್ಣು ತಿಂದಿದ್ದೆ.

"ನೋಡ್ದಾ," ಎಂದಳು ಅಕ್ಕ, ಖುಷಿಯಿಂದ. "ಕೊಟ್ರೆ ಒಂದಕ್ಕೆರಡಾಗಿ ಬತ್ತದೆ."

ನಾನು ಕೋಡುಬಳೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಸಿಟ್ಟಿನಲ್ಲಿ ಕಟಕಟ ಕಡಿಯುತ್ತಾ ಕೂತೆ. ಕೋಡುಬಳೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಾವನಿಗೆ ಹೋಗಿ ಏನು ಹೇಳುವುದು? ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನೀನು ಒಳ್ಳೆಯವಳು, ನಿನ್ನ ಡಬ್ಬ ಒಳ್ಳೆಯದು, ಆದರೆ ನಿನ್ನ ಗಂಡ ನನ್ನ ಮನೆಯಲ್ಲಿ ಕೂತು ಅಳುತ್ತಾರೆ. ಅಕ್ಕ ಚಟ್ನಿಪುಡಿಯ ಮುಚ್ಚಳ ತಿರುಗಿಸುತ್ತಿದ್ದವಳು ನಿಂತುಬಿಟ್ಟಳು.

"ಅತ್ರಾ?"

"ಅತ್ರು."

ಅವಳು ಡಬ್ಬ ಕೆಳಗಿಟ್ಟಳು. ಆಮೇಲೆ, "ನಂಗ್ ಆಗಲ್ಲ ಕಣೇ. ಕೈಗ್ ತಗಂಡ್ರೆ ಎದೆ ಇಡ್ಕತದೆ. ನೀ ಬೇಕಾದ್ರೆ ನಂಗ್ ಎರಡ್ ಒಡಿ, ಆಗಲ್ಲ" ಎಂದಳು. ಅಷ್ಟು ವರ್ಷದಲ್ಲಿ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಜಿಪುಣಿ, ಮೊಂಡಿ ಅನ್ನುವ ಬೈಗುಳಗಳೂ ಅಲ್ಲಿಗೆ ನನ್ನ ಕೈಯಿಂದ ಬಿದ್ದುಹೋದವು.

ಅವತ್ತು ರಾತ್ರಿಯೆಲ್ಲ ತಲೆ ಕೆರೆದುಕೊಂಡು ನನಗೆ ಗೊತ್ತಿರುವ ಒಂದೇ ವಿದ್ಯೆಗೆ ಮರಳಿದೆ. ಬೆಳಿಗ್ಗೆ ಸುಣ್ಣದ ಪುಡಿ, ಹುರಿ, ಬಾವನ ವಾಕರಿನ ಅಗಲಕ್ಕೆ ಕಡಿದ ಒಂದು ಕೋಲು ಇಷ್ಟನ್ನು ತಗೊಂಡು ಚನ್ನರಾಯಪಟ್ಟಣಕ್ಕೆ ಹೋದೆ. "ಅಕ್ಕ, ಏನೂ ಬಿಸಾಕೋದು ಬೇಡ. ನಾನೊಂದು ಟ್ರ್ಯಾಕ್ ಹಾಕ್ತೀನಿ, ಸ್ಪೋರ್ಟ್ಸ್ ಡೇಗೆ ಹಾಕ್ತಿದ್ನಲ್ಲ, ಹಂಗೆ. ಬಾಗಿಲಿಂದ ಬಾವನ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ. ಒಲೆ ಸುತ್ತ ಒಂದು, ಹಿಂದಿನ ಬಾಗಿಲಿಗೆ ಒಂದು. ಗೆರೆ ಒಳಗೆ ಏನೂ ಇಡಂಗಿಲ್ಲ. ಗೆರೆ ಆಚೆ ಸೂರಿನ ತನಕ ಪೇರಿಸ್ಕೋ, ನಾನು ಕೇಳಲ್ಲ."

"ಬಿಸಾಕಲ್ಲ ತಾನೇ?"

"ಬಿಸಾಕಲ್ಲ."

"ನಿನ್ನ ವಿಶಲ್ ಮ್ಯಾಲೆ ಆಣೆ ಮಾಡು."

ಮಾಡಿದೆ. ಕೋಲು ಇಟ್ಟು ಅಗಲ ಅಳೆದು, ಹುರಿ ಹಿಡಿದು ಗೆರೆ ಎಳೆಯುತ್ತಾ ಹೋದೆ. ಸಾಮಾನು ಸರಿಸುವುದು ಅಕ್ಕನೇ. ಒಂದೊಂದನ್ನೂ ಮುಟ್ಟಿ, ಅದರ ಕಥೆ ಹೇಳಿ, ಜಾಗ ಹುಡುಕಿ ಇಡುವಳು. ಒಂದು ಮೊಳ ದಾರಿಗೆ ಒಂದು ಮಧ್ಯಾಹ್ನ. ಬಾವನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ವಾರಗಟ್ಟಲೆ ನಾನು ಬಸ್ಸಿನಲ್ಲಿ ಓಡಾಡಿದೆ. ಬೈಗುಳ ಬಾಯಿಗೆ ಬಂದಾಗೆಲ್ಲ ಒಂದು ಕೊಬ್ಬರಿ ಮಿಠಾಯಿ ಹಾಕಿಕೊಂಡು ಬಾಯಿ ಮುಚ್ಚಿದೆ, ಶುಗರು ಏರಿತು. ಪೇಪರು ಒಲೆಯ ಪಕ್ಕದಿಂದ ಎದ್ದಿತು, ಹಿಂದಿನ ಬಾಗಿಲು ಕಿರ್ ಎಂದು ತೆರೆದುಕೊಂಡಿತು, ಎರಡು ಇಲಿಗಳು ನಮಗಿಂತ ಮೊದಲು ಅದರಿಂದ ಆಚೆ ಹೋದವು. ಫೋಟೋ ಕಳಿಸಿದೆ. ಫಿಸಿಯೋ ಹುಡುಗಿ, "ಮೇಡಂ, ಇದು ಯಾರ ಮನೆ?" ಎಂದು ಕೇಳಿದಳು.

ಬಾವನನ್ನು ಕಾರಿನಲ್ಲಿ ಕರೆದುಕೊಂಡು ಹೋದ ದಿನ ಅವರು ಬಾಗಿಲಲ್ಲಿ ನಿಂತು ಆ ಬಿಳಿ ಗೆರೆಗಳನ್ನು ನೋಡಿದರು. "ಹೈವೇ ಮಾಡ್ಬುಟ್ಟವ್ಳಲ್ಲ" ಎಂದು, "ರೈಟ್, ರೈಟ್" ಎಂದು ತಾವೇ ಬಾಯಲ್ಲಿ ವಿಶಲ್ ಹೊಡೆದುಕೊಂಡು ಹೊರಟರು. ಎಲ್ಲೂ ತಾಗದೆ ಮಂಚದವರೆಗೂ ಹೋಗಿ ಕೂತರು. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಅಳುತ್ತಾ ನಗುತ್ತಾ, "ಈ ವಯಸ್ನಾಗೂ ಡ್ರೈವರ್ ಸೋಕಿ ನೋಡೇ" ಎಂದಳು. ನಾನು ಊಟ ಮಾಡಿ ಮನೆಗೆ ಬಂದು ಹಗಲಿನಲ್ಲೇ ಮಲಗಿ ನಿದ್ದೆ ಹೊಡೆದೆ.

ಒಂದು ತಿಂಗಳು ಕಳೆದ ಮೇಲೆ, ಹೇಳದೆ ಕೇಳದೆ ಮೊದಲ ಬಸ್ಸಿಗೆ ಹೋದೆ. ಇನ್ಸ್‌ಪೆಕ್ಷನ್ ಅಂದರೆ ಹಾಗೇ ಹೋಗಬೇಕು. ಅಕ್ಕ ಜಗುಲಿಯಲ್ಲಿ ಹಾಲು ಹಾಕಿಸಿಕೊಳ್ಳುತ್ತಿದ್ದಳು. ಅವಳನ್ನು ದಾಟಿ ಒಳಗೆ ಹೋದೆ. ಗೆರೆಗಳು ಎದ್ದು ಕಾಣುತ್ತಿದ್ದವು, ಅಳಿಸಿಹೋದ ಕಡೆ ಅಕ್ಕನೇ ಮತ್ತೆ ಸುಣ್ಣ ಎಳೆದಿದ್ದಳು. ಒಂದು ಡಬ್ಬವಾಗಲಿ ಕವರಾಗಲಿ ಒಳಗೆ ಬಂದಿರಲಿಲ್ಲ. ಆದರೆ ಬಾವನ ಮಂಚಕ್ಕೂ ಬಚ್ಚಲಿಗೂ ನಡುವೆ, ಸರಿಯಾಗಿ ಎರಡು ಗೆರೆಗಳ ಮಧ್ಯೆ, ಉದ್ದಕ್ಕೆ ಒಂದು ಚಾಪೆ ಹಾಸಿತ್ತು. ದಿಂಬು. ಅಕ್ಕನ ಹೊದಿಕೆ.

"ಯಾರು ಮಲಗೋದು ಇಲ್ಲಿ?"

"ನಾನೇ," ಎಂದಳು ಅಕ್ಕ ಹಾಲಿನ ಪಾತ್ರೆ ಹಿಡಿದು ಬಂದು.

"ನಿನ್ನ ಮಂಚ ಏನಾಯ್ತು?"

ಕೋಣೆಯ ಕಡೆ ನೋಡಿದಳು. ಅವಳ ಮಂಚದ ಮೇಲೆ ಸೂರಿನವರೆಗೆ ಸಾಮಾನು. ದಾರಿಯಿಂದ ಸರಿಸಿದ್ದೆಲ್ಲ ಎಲ್ಲಿಗೆ ಹೋಯಿತು ಎಂದು ನಾವ್ಯಾರೂ ನೋಡಿರಲಿಲ್ಲ, ಗೆರೆಯ ಒಳಗೆ ಏನೂ ಇಲ್ಲ ಅನ್ನುವುದನ್ನಷ್ಟೇ ನೋಡಿದ್ದು. ಮನೆಯಲ್ಲಿ ಅಡ್ಡಾಗಲು ಅವಳಿಗೆ ಉಳಿದಿದ್ದ ಜಾಗ ಅದೊಂದೇ.

"ಗೆರೆ ಒಳಿಕೆ ಸಾಮಾನ್ ಇಡಬ್ಯಾಡ ಅಂದೆ," ಎಂದಳು. "ನಾನ್ ಸಾಮಾನಾ?"

ನನಗೆ ನಗು ಉಕ್ಕಿ ಬಂತು. ಬಾವನ ಕಡೆ ತಿರುಗಿದೆ, ಅವರೂ ನಗಲಿ ಎಂದು. ಅವರು ಮಂಚದ ಅಂಚಿನಲ್ಲಿ ಕೂತು ವಾಕರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಹಣೆಯಲ್ಲಿ ಬೆವರು.

"ಚಾಪೆ ಎತ್ತವ್ವ, ಬೇಗ," ಎಂದರು.

ಎತ್ತಿದೆ. ಅವರು ಬಚ್ಚಲಿಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದರು. ಕೇಳಬೇಕಾದ್ದನ್ನು ನಾನು ಕೇಳಿದೆ. ರಾತ್ರಿ ಎದ್ದೇಳಬೇಕಾದರೆ ಏನು ಮಾಡ್ತೀರ?

"ಎದ್ದೇಳಲ್ಲ. ಅವ್ಳು ಅಡ್ಡ ಮಲಗಿರ್ತಾಳೆ, ದಾಟಕ್ಕಾಗಲ್ಲ. ಎಬ್ಬುಸಕ್ಕೆ ಮನಸ್ ಬರಲ್ಲ ಕಣವ್ವ, ದಿನಾ ಪೂರ್ತಿ ನನ್ನ ಕೆಲ್ಸ ಮಾಡಿ ಸಾಕಾಗಿರ್ತಾಳೆ. ಬೆಳಗಾಗಗಂಟ ತಡ್ಕತೀನಿ."

"ತಡ್ಕೊಳ್ಳೋದು ಅಂದ್ರೆ?"

"ಮಧ್ಯಾಹ್ನ ಆದ್ಮೇಲೆ ನೀರ್ ಕುಡ್ಯಲ್ಲ, ಅಷ್ಟೇ. ರೂಟ್ ಮ್ಯಾಲಿದ್ದಾಗ ಅಭ್ಯಾಸ ಇತ್ತು."

ಅಕ್ಕನ ಕೈಯಲ್ಲಿ ಹಾಲಿನ ಪಾತ್ರೆ ಹಾಗೇ ಇತ್ತು. ನೀರಿಲ್ಲದೆ ಗಂಡನ ತುಟಿ ಒಡೆದಿದ್ದು ನನಗೆ ಕಂಡಿದ್ದು ಆ ಕ್ಷಣದಲ್ಲಿ, ಅವಳಿಗೂ ಅದೇ ಕ್ಷಣದಲ್ಲಿ ಕಂಡಿರಬೇಕು. ನನಗೆ ಎಂಥ ಸಿಟ್ಟು ಬಂತೆಂದರೆ, ಯಾರ ಮೇಲೆ ಎಂದು ಗೊತ್ತಾಗದೆ ಗೋಡೆಗೆ ಗುದ್ದಿದೆ. ಮದುವೆ ಕಾರ್ಡುಗಳು ಜಾರಿ ಬಿದ್ದವು. ಅಕ್ಕ ಅವುಗಳ ಕಡೆ ನೋಡಲಿಲ್ಲ.

"ನಂಗ್ಯಾಕ್ ಏಳ್ನಿಲ್ಲ ನೀವು?" ಎಂದಳು.

"ಏಳಿದ್ರೆ ನೀ ಎಲ್ಲಿಗೋಗಿಯೆ? ಜಾಗ ಎಲ್ಲದೆ?"

ಅಕ್ಕ ಹಾಲು ಕೆಳಗಿಟ್ಟು ಕೋಣೆಗೆ ಹೋದಳು. ಮಂಚದ ಮೇಲಿನ ರಾಶಿಯಿಂದ ಒಂದು ಬಾಟಲಿ ಎತ್ತಿಕೊಂಡಳು, ಹಸಿರು ಮುಚ್ಚಳದ್ದು. ತಿರುಗಿಸಿ ನೋಡಿದಳು, ಇಟ್ಟಳು, ಮತ್ತೆ ಎತ್ತಿಕೊಂಡಳು. 'ಎದೆ ಇಡ್ಕತದೆ' ಅಂದಿದ್ದಳಲ್ಲ, ಅದು ಏನೆಂದು ಆಗ ಕಣ್ಣಾರೆ ನೋಡಿದೆ. ಉಸಿರು ಮೇಲೆ ಮೇಲೆ ಬರುತ್ತಿತ್ತು. ನಾನು ಹೋಗಿ ಅವಳ ಭುಜ ಹಿಡಿದುಕೊಂಡೆ. ಬಿಡು ಅಕ್ಕ, ಇವತ್ತು ಬೇಡ ಎಂದೆ. ನಾನು, ಅಂಥ ಮಾತು!

ಅವಳು ಕೊಸರಿಕೊಂಡಳು.

"ನಾನ್ ಬಚ್ಚಲಿಗೆ ಓಯ್ತೀನಿ. ಬರಗಂಟ ಟೈಮು. ಈ ಮಂಚದ ಮ್ಯಾಲಿಂದು ಮಾತ್ರ ತಗದಾಕು. ಬ್ಯಾರೆ ಏನಾರ ಮುಟ್ಟುದ್ರೆ ಕೈ ಮುರಿತೀನಿ."

"ಖಂಡಿತಾನಾ? ನೀನೇ ಹೇಳ್ತಿದ್ದೀಯ."

"ನಾನೇ ಏಳ್ತಾ ಇವ್ನಿ. ಬಿರ್‍ನೆ ಮಾಡೇ!"

ಬಚ್ಚಲಿನ ಬಾಗಿಲು ಹಾಕಿಕೊಂಡು ನಲ್ಲಿ ಪೂರ್ತಿ ತಿರುಗಿಸಿದಳು. ಬಕೆಟ್ಟು ತುಂಬಿ ಚೆಲ್ಲುವ ಸದ್ದು, ಅದರ ಅಡಿಯಲ್ಲಿ ಅವಳು ಅಳುವ ಸದ್ದು. ನಾನು ಸಿಮೆಂಟ್ ಚೀಲಗಳಿಗೆ ತುಂಬುತ್ತಾ ಹೋದೆ. ಬಾವ ವಾಕರ್ ಹಿಡಿದು ಬಚ್ಚಲ ಬಾಗಿಲಿಗೆ ಹೋಗಿ ನಿಂತು, "ಇಲ್ಲೇ ಇವ್ನಿ ಕಣೇ, ಇಲ್ಲೇ ಇವ್ನಿ" ಎನ್ನುತ್ತಿದ್ದರು. ಬೀದಿಗೆ ಪುರಸಭೆಯ ಕಸದ ಗಾಡಿ ಬಂತು. ಆಣೆ ಗೀಣೆ ಯೋಚಿಸಲು ಹೋಗಲಿಲ್ಲ, ಚೀಲಗಳನ್ನು ಎಳೆದೆಳೆದು ಹಾಕಿದೆ. ಅವಳು ಆಚೆ ಬಂದಾಗ ಮಂಚಕ್ಕೆ ಒಗೆದ ದುಪ್ಪಟಿ ಹಾಸಿದ್ದೆ. ಮಂಚದ ಅಂಚಿನಲ್ಲಿ ಕೂತಳು, ಯಾರದೋ ಮನೆಗೆ ಬಂದವಳ ಹಾಗೆ. ಮಧ್ಯಾಹ್ನ ತಲೆ ತಗ್ಗಿಸಿಯೇ ಊಟ ಬಡಿಸಿದಳು. ನಾನು ಬತ್ತೀನಿ ಅಂದಾಗಲೂ ತಲೆ ಎತ್ತಲಿಲ್ಲ.

ಬಸ್ಸು ಹೊಳೆನರಸೀಪುರ ಮುಟ್ಟುವ ಹೊತ್ತಿಗೆ ಫೋನ್ ಬಂತು.

"ಆ ಹಸ್ರು ಮುಚ್ಚಳದ ಬಾಟ್ಲಿ ಎಲ್ಲಾಕ್ದೆ?"

ಸುಳ್ಳು ಹೇಳಬಹುದಿತ್ತು. ಎತ್ತಿಟ್ಟಿದ್ದೀನಿ ಎಂದರೆ ಅವತ್ತಿಗೆ ನಿದ್ದೆ ಮಾಡುತ್ತಿದ್ದಳು.

"ಗಾಡಿಗೆ ಹಾಕ್ದೆ ಅಕ್ಕ."

"ಗಾಡಿ ಓಯ್ತಾ?"

"ಹೋಯ್ತು."

ಕಂಡಕ್ಟರು ಇಳಿಯೋರು ಇಳೀರಿ ಎಂದು ಕೂಗುತ್ತಿದ್ದ, ನಾನು ಫೋನ್ ಕಿವಿಗೆ ಒತ್ತಿಕೊಂಡು ಕೂತೇ ಇದ್ದೆ.

"ಸರಿ ಬುಡು," ಎಂದಳು ಅಕ್ಕ. "ಇವ್ರು ಈಗ ಒಂದು ಚೊಂಬು ನೀರ್ ಕುಡುದ್ರು. ನಾನೇ ಮುಂದೆ ನಿಂತ್ಕಂಡು ಕುಡುಸ್ದೆ."